ಗೋದಾವರಿಯ ಕೆಸರಿನಲ್ಲಿ ಮಳೆಯ ಚರಿತ್ರೆ



ವೈಜಾಪುರವೆಂದೊಡನೆ ನಮ್ಮಲ್ಲಿ ಅನೇಕರು ಅದನ್ನು ಗೋಲಗುಂಬಜದ ವಿಜಯಪುರವೆಂದೇ ಭಾವಿಸುವುದುಂಟು. ನಾನು ಹೇಳಹೊರಟಿರುವುದು ಮಹಾರಾಷ್ಟ್ರದ ವೈಜಾಪುರವನ್ನು ಕುರಿತು. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಮರುನಾಮಕರಣಗೊಂಡ ಔರಂಗಾಬಾದ್ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ನಾಸಿಕ ಜಿಲ್ಲೆಗೆ ಹೊಂದಿಕೊಂಡಿರುವ ತಾಲೂಕು ಅದು. ಎರಡೂ ಊರುಗಳು ಸಹ್ಯಾದ್ರಿಯ ಮಳೆನೆರಳಿನಲ್ಲಿವೆ. ಒಂದು ಮುಂಗಾರು ಕೈಕೊಟ್ಟರೆ ಎರಡೂ ಕಡೆ ಬಾವಿಗಳು ಬತ್ತುತ್ತವೆ.

1972ರ ಬರವನ್ನು ಕಂಡ ಹಿರಿಯರು ಆ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅದಕ್ಕಿಂತ ಘೋರವಾದ, ದೀರ್ಘವಾದ ಬರಗಳು ಹಿಂದೆ ಬಂದಿದ್ದವೇ? ವೈಜಾಪುರದ ಹೊಲಗಳಿಗೆ ನಾಂದೂರ್ ಮಧ್ಮೇಶ್ವರ ಕಾಲುವೆ ನೀರು ತರುತ್ತದೆ. ಇಂತಹ ಕಾಲುವೆಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. ಮಳೆಮಾಪಕದ ಕ್ರಮಬದ್ಧ ದಾಖಲೆ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ನಿಸರ್ಗವೇ ಉಳಿಸಿರುವ ಗುರುತುಗಳನ್ನು ಓದಬೇಕು. ಇವುಗಳನ್ನು ವಿಜ್ಞಾನಿಗಳು ‘ಪ್ರಾಕ್ಸಿ’ ಎನ್ನುತ್ತಾರೆ. ಕನ್ನಡಕ್ಕೆ ತರುವವರು ‘ಪ್ರತಿನಿಧಿ ದತ್ತಾಂಶ’ವೆಂದು ಹೆಣಗುತ್ತಾರೆ, ನನಗಂತೂ ‘ಕುರುಹು’ ಎಂಬ ನಮ್ಮ ಹಳೆಯ ಮಾತೇ ಸಾಕೆನಿಸುತ್ತದೆ.

ಗೋದಾವರಿಯೇ ಇಂತಹ ಕುರುಹುಗಳ ವಾಹಕ. ದಂಡೆಯ ಗಿಡಮರಗಳ ಎಲೆಗಳ ಮೇಲಿನ ತೆಳುವಾದ ಮೇಣ ಮಣ್ಣಿನೊಡನೆ ಕೊಚ್ಚಿಹೋಗಿ ಬಂಗಾಳ ಕೊಲ್ಲಿಯ ತಳದಲ್ಲಿ ಪದರಪದರವಾಗಿ ಕೂಡುತ್ತದೆ. ಮರಗಳು ಮತ್ತು ಭತ್ತದಂತಹ ಸಸ್ಯಗಳ ಮೇಣದಲ್ಲಿ ಭಾರವಾದ ಇಂಗಾಲದ ಪ್ರಮಾಣ ಕಡಿಮೆ. ಜೋಳ, ಸಜ್ಜೆ ಹಾಗೂ ಒಣಬಯಲಿನ ಹುಲ್ಲುಗಳಲ್ಲಿ ಹೆಚ್ಚು. ಆದುದರಿಂದ ಮೇಣವನ್ನು ಪರೀಕ್ಷಿಸಿ, ಆ ಕಾಲದ ನೆಲ ಹಸಿರಾಗಿತ್ತೋ ಒಣಗಿತ್ತೋ ಎಂಬುದನ್ನು ಊಹಿಸಬಹುದು. 2006ರಲ್ಲಿ ಭಾರತದ ಅನಿಲ ಹೈಡ್ರೇಟ್ ಶೋಧಯಾತ್ರೆಯಲ್ಲಿ, ಗೋದಾವರಿಯ ಮುಖಜ ಪ್ರದೇಶದಾಚೆಯ ಕಡಲತಳದಿಂದ ಮೇಲೆತ್ತಿದ ಕೆಸರಿನ ಕಂಬವೊಂದನ್ನು ಹೀಗೆ ಪರೀಕ್ಷಿಸಲಾಯಿತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಮೊದಲ ಲೇಖಕ ಕ್ಯಾಮಿಲೊ ಪಾಂಟನ್ ಅಮೆರಿಕದಲ್ಲಿ ಡಾಕ್ಟರೇಟ್ ಪದವಿಗಾಗಿ ದುಡಿಯುತ್ತಿದ್ದ ತರುಣ. ಸುಮಾರು 4,000 ವರ್ಷಗಳ ಹಿಂದೆ ಗೋದಾವರಿ ಕೊಳ್ಳದಲ್ಲಿ ಒಣಹವೆಗೆ ಒಗ್ಗಿದ ಸಸ್ಯಗಳು ಹೆಚ್ಚತೊಡಗಿ, 1,700 ವರ್ಷಗಳ ಹಿಂದಿನವರೆಗೂ ಹೆಚ್ಚುತ್ತಲೇ ಹೋಗಿ, ಆಮೇಲೆ ಹಾಗೆಯೇ ನೆಲೆನಿಂತವೆಂದು ತಿಳಿದುಬಂದಿತು.

ದಕ್ಷಿಣ ಭಾರತದಲ್ಲಿ ನೀರು ಕಟ್ಟಿ ನಿಲ್ಲಿಸುವ ವಿದ್ಯೆ ಹಬ್ಬಲು ಈ ಅಸ್ಥಿರ ಮಳೆಯೇ ಕಾರಣವಾಗಿರಬಹುದೆಂದು ಅದೇ ಅಧ್ಯಯನ ಸೂಚಿಸುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಕೆರೆಯ ಶಾಸನವಿದೆ. ಅದೂ ಸುಮಾರಾಗಿ ಅದೇ ಕಾಲದ್ದು. ಒಂದರಿಂದಲೇ ಮತ್ತೊಂದಾಯಿತೆಂದು ಸಾಧಿಸಲು ಇಷ್ಟು ಸಾಲದು, ಆದರೆ ಸಂಗತಿ ಕುತೂಹಲಕರ.

ನಮ್ಮ ನಾಡಿನಲ್ಲಿಯೂ ಇಂತಹ ಕೆಲಸ ನಡೆದಿದೆ. ಉತ್ತರ ಕನ್ನಡದ ಅಕಲಗವಿಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಶಿಲೆಯ ಪದರಗಳಿಂದ 331 ವರ್ಷಗಳ ಮಳೆಯ ಏರಿಳಿತವನ್ನು ಯಾದವ, ರಮೇಶ್ ಮತ್ತು ಪಂತ್ ಎಂಬ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು.

ಇಂತಹ ಸಂಶೋಧನೆಗಳ ದೈನಂದಿನ ದುಡಿಮೆ ಬಹುಪಾಲು ಕಿರಿಯ ಸಂಶೋಧಕರದು. ಕೆಸರನ್ನು ತೆಳುವಾಗಿ ಹೋಳುಮಾಡುವುದು, ದ್ರಾವಕಗಳಲ್ಲಿ ಮೇಣವನ್ನು ಬೇರ್ಪಡಿಸುವುದು, ಸೂಜಿಮೊನೆಯಷ್ಟು ಸಣ್ಣ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿ ಆರಿಸಿ ಕಾಲನಿರ್ಣಯಕ್ಕೆ ಕಳುಹಿಸುವುದು: ಇದರಲ್ಲಿಯೇ ವರ್ಷಗಳು ಕಳೆಯುತ್ತವೆ. ಕೈಬೆರಳಿನ ಜಿಡ್ಡು ಸೋಕಿದರೂ ಮಾದರಿ ಕೆಡಬಹುದು. ಇತ್ತ ಶಿಷ್ಯವೇತನದ ಗಡುವೂ ಸಮೀಪಿಸುತ್ತಿರುತ್ತದೆ. ಪತ್ರಿಕೆಗಳಲ್ಲಿ ಬರುವುದು ಕೊನೆಯ ನಕ್ಷೆ ಮಾತ್ರ. ಅದರ ಒಂದೊಂದು ಚುಕ್ಕೆಯ ಹಿಂದಿರುವ ದಿನಗಳ ಲೆಕ್ಕ ಬರುವುದಿಲ್ಲ.

ಒಂದು ಮಿತಿಯನ್ನೂ ಹೇಳಬೇಕು. ಕಡಲಿನ ಕೆಸರು ಇಡೀ ಕೊಳ್ಳದ ಸರಾಸರಿಯನ್ನು ನುಡಿಯುತ್ತದೆಯೇ ಹೊರತು ವೈಜಾಪುರದ ಮಳೆಯನ್ನು ಪ್ರತ್ಯೇಕವಾಗಿ ಅಲ್ಲ. ಅದಕ್ಕೆ ಸ್ಥಳೀಯ ಕೆರೆಗಳ, ಜಲಾಶಯಗಳ ಹೂಳೇ ಬೇಕು. ಮಹಾರಾಷ್ಟ್ರದಲ್ಲಿ 2017ರಿಂದ ಹೂಳನ್ನು ತೆಗೆದು ಹೊಲಗಳಿಗೆ ಹರಡುವ ಯೋಜನೆಯೊಂದು ಜಾರಿಗೆ ಬಂದಿತು. ಕರ್ನಾಟಕದಲ್ಲಿಯೂ ಕೆರೆಗಳ ಹೂಳೆತ್ತುತ್ತಾರೆ. ರೈತನಿಗೆ ಇದರಿಂದ ಲಾಭವೇ ಸರಿ. ಆದರೆ ಬೇಸಿಗೆಯಲ್ಲಿಯೂ ಬತ್ತದ ಹಳೆಯ ಕೆರೆಯ ತಳಕ್ಕೆ ಯಂತ್ರವನ್ನು ಇಳಿಸುವ ಮುನ್ನ, ಸಮೀಪದ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬನನ್ನು ಕರೆಸಿ ಒಂದು ಕೊಳವೆಯಷ್ಟು ಹೂಳನ್ನು ತೆಗೆದಿರಿಸುವುದಕ್ಕೆ ಅರ್ಧ ದಿನ ಸಾಕು.