ಅಲ್ಪವೆಚ್ಚದ ಚಿತ್ರವೂ ಪೂರ್ಣಮನಸ್ಸಿನ ಪ್ರೇಕ್ಷಕನೂ

ಅರಸೀಕೆರೆಯ ಹಿರಿಯರೇ, ತಾಯಂದಿರೇ, ದೂರದ ಊರುಗಳಿಂದ ತಮ್ಮ ಚಿತ್ರಗಳೊಡನೆ ಬಂದಿರುವ ತರುಣ ಮಿತ್ರರೇ,

ಸ್ವತಂತ್ರವಾಗಿ, ಅಲ್ಪವೆಚ್ಚದಲ್ಲಿ ನಿರ್ಮಿತವಾದ ಚಿತ್ರಗಳ ವಾರ್ಷಿಕೋತ್ಸವವನ್ನು ರಾಜಧಾನಿಯ ಭವನಗಳಲ್ಲಿ ನಡೆಸದೆ ಹರಪನಹಳ್ಳಿ ಸೀಮೆಯ ಈ ಊರಿನಲ್ಲಿ ನಡೆಸಬೇಕೆಂದು ಸಂಕಲ್ಪಿಸಿದವರನ್ನು ಮೊದಲು ಅಭಿನಂದಿಸುತ್ತೇನೆ. ಏಕೆಂದರೆ ಕೊಟ್ಟೂರಿನ ತೇರಿಗೂ ಮೈಲಾರದ ಕಾರಣಿಕಕ್ಕೂ ಸಹಸ್ರ ಸಹಸ್ರವಾಗಿ ನೆರೆದು, ಜಾತ್ರೆಯ ಕಂಪನಿ ನಾಟಕವನ್ನೂ ಬೆಳಗಿನ ಜಾವದವರೆಗೆ ನಡೆಯುವ ಬಯಲಾಟವನ್ನೂ ಕಣ್ಣೆವೆ ಮುಚ್ಚದೆ ನೋಡಿ, ಮರುದಿನ ಕಟ್ಟೆಯ ಮೇಲೆ ಕುಳಿತು ಪಾತ್ರಧಾರಿಯ ಗುಣದೋಷಗಳನ್ನು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸುವ ಜನರಿಗಿಂತ ಯೋಗ್ಯರಾದ ಪ್ರೇಕ್ಷಕರು ಈ ಚಿತ್ರಗಳಿಗೆ ಬೇರೆಲ್ಲಿ ದೊರೆತಾರು?

ಕವಿಗೆ ಲೇಖನಿಯೂ ಗಾಯಕನಿಗೆ ಕಂಠವೂ ಸಾಕು. ಚಲನಚಿತ್ರಕ್ಕಾದರೋ ಯಂತ್ರಗಳು ಬೇಕು, ಹತ್ತಾರು ಜನರ ಶ್ರಮ ಬೇಕು, ಅವರ ಊಟ ವಸತಿಗಳ ವ್ಯವಸ್ಥೆ ಬೇಕು, ಅರ್ಥಾತ್ ಹಣ ಬೇಕು. ಹೂಡಿದ ಹಣ ಹೆಚ್ಚಿದಂತೆಲ್ಲ ಅದು ಮರಳಿ ಬಂದೀತೋ ಇಲ್ಲವೋ ಎಂಬ ಭಯವೂ ಹೆಚ್ಚುತ್ತದೆ. ಭಯ ಹೆಚ್ಚಿದಂತೆಲ್ಲ ಕಥೆಯು ಎಲ್ಲರೂ ತುಳಿದ ಹಾದಿಯನ್ನೇ ತುಳಿಯುತ್ತದೆ. ವೆಚ್ಚವನ್ನು ತಗ್ಗಿಸಿದವನು ಆ ಭಯವನ್ನೂ ತಗ್ಗಿಸಿ, ತನಗೆ ಸತ್ಯವೆಂದು ತೋರಿದುದನ್ನು ಹೇಳುವ ಸ್ವಾತಂತ್ರ್ಯವನ್ನು ಸಂಪಾದಿಸಿಕೊಳ್ಳುತ್ತಾನೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳುಂಟು. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ಒಂದು ಲಕ್ಷ ರೂಪಾಯಿಗೂ ಕಡಿಮೆ ವೆಚ್ಚದಲ್ಲಿ ನಿರ್ಮಿಸಿದ ‘ಸಂಸ್ಕಾರ’ವು, ಮೊದಲು ಮದರಾಸಿನ ಸೆನ್ಸಾರ್ ಮಂಡಳಿಯ ನಿಷೇಧಕ್ಕೆ ಗುರಿಯಾಗಿದ್ದರೂ, 1970ರ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಪ್ರಪ್ರಥಮವಾಗಿ ತಂದಿತು. ಅದೇ ಗೌರವ ಬಿ. ವಿ. ಕಾರಂತರ ‘ಚೋಮನ ದುಡಿ’ಗೂ, ಗಿರೀಶ್ ಕಾಸರವಳ್ಳಿಯವರು ತಾರುಣ್ಯದಲ್ಲಿ ತೆಗೆದ ‘ಘಟಶ್ರಾದ್ಧ’ಕ್ಕೂ ಸಂದಿತು. 2013ರಲ್ಲಿ ತೆರೆಕಂಡ ಪವನ್ ಕುಮಾರರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಮಂದಿ ಜನಸಾಮಾನ್ಯರೇ ಬಂಡವಾಳ ಒದಗಿಸಿದ್ದರು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಹಳ್ಳಿಯ ಜನರನ್ನೇ ನಟರನ್ನಾಗಿ ಮಾಡಿಕೊಂಡು, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಒಬ್ಬ ಹೆಂಗಸಿನ ಬಾಳನ್ನು ಜೈಶಂಕರ್ ಆರ್ಯರ್ ಅವರು ಚಿತ್ರಿಸಿದ ‘ಶಿವಮ್ಮ’, 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವದಲ್ಲಿ ನವಪ್ರತಿಭೆಗಳಿಗೆ ಮೀಸಲಾದ ಪ್ರಶಸ್ತಿಯನ್ನು ಪಡೆಯಿತು. ನಮ್ಮ ಕೆಮ್ಮಣ್ಣು ಕರಿಮಣ್ಣುಗಳ ಮಾತೇ ಲೋಕಕ್ಕೆ ಅರ್ಥವಾಯಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಆದರೆ ಮಿತವ್ಯಯವು ತಾನೇ ಗುಣವಲ್ಲವೆಂಬುದನ್ನು ತರುಣ ಮಿತ್ರರು ಮರೆಯಬಾರದು. ದುಡ್ಡಿಲ್ಲದ್ದರಿಂದ ಬೆಳಕು ಮಂಕಾಗಬಹುದು, ವಿಚಾರ ಮಂಕಾಗಲಾಗದು. ಉಪಕರಣ ಹಳೆಯದಾಗಿರಬಹುದು, ನೋಟ ಹಳೆಯದಾಗಿರಬಾರದು. ಸಾಧನಗಳ ಕೊರತೆಯನ್ನು ಪರಿಶ್ರಮದಿಂದಲೂ ಪೂರ್ವಸಿದ್ಧತೆಯಿಂದಲೂ ತುಂಬಿಕೊಟ್ಟ ಚಿತ್ರ ಮಾತ್ರವೇ ಕಾಲದ ಪರೀಕ್ಷೆಯಲ್ಲಿ ಉಳಿಯುತ್ತದೆ.

ಇಂತಹ ಚಿತ್ರಗಳ ಕಷ್ಟ ಚಿತ್ರೀಕರಣದೊಡನೆ ಮುಗಿಯುವುದಿಲ್ಲ. ಪರದೇಶದಲ್ಲಿ ಮನ್ನಣೆ ಪಡೆದ ಕೃತಿಯೂ ತಾಲ್ಲೂಕು ಕೇಂದ್ರದ ಚಿತ್ರಮಂದಿರದಲ್ಲಿ ಒಂದು ವಾರ ನಿಲ್ಲಲಾರದೆ ಹೋಗುತ್ತದೆ; ಹಳ್ಳಿಯನ್ನು ಕುರಿತ ಚಿತ್ರವನ್ನು ಹಳ್ಳಿಯೇ ಕಾಣದೆ ಉಳಿಯುತ್ತದೆ. ‘ಹಳ್ಳಿಗರಿಗೆ ಇವು ರುಚಿಸವು’ ಎನ್ನುವವರಿಗೆ ಹೆಗ್ಗೋಡು ಎಂಬ ಹಳ್ಳಿಯು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಅಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಸ್ಥಾಪಿಸಿ, ಸತ್ಯಜಿತ್ ರಾಯ್, ಕುರೋಸಾವಾ ಮೊದಲಾದವರ ಕೃತಿಗಳನ್ನು ಅಡಿಕೆ ತೋಟದ ರೈತರ ಮುಂದಿಟ್ಟರು. ರೈತರು ನೋಡಿದರು, ಚರ್ಚಿಸಿದರು, ಮತ್ತೆ ನೋಡಲು ಬಂದರು. ರುಚಿಯು ಹುಟ್ಟಿನಿಂದ ಬರುವುದಲ್ಲ, ಪದಾರ್ಥವನ್ನು ಎದುರಿಗೆ ಇಟ್ಟಾಗ ಬೆಳೆಯುವುದು. ಮಲೆನಾಡಿನ ಒಂದು ಗ್ರಾಮಕ್ಕೆ ಸಾಧ್ಯವಾದುದು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಬಯಲು ನಾಡಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಆದಕಾರಣ ನನ್ನ ಪ್ರಾರ್ಥನೆ ಇಷ್ಟೆ. ಚಿತ್ರವನ್ನು ಅರ್ಧಕ್ಕೆ ಬಿಟ್ಟು ಏಳಬೇಡಿ. ಮೊದಲ ಕಾಲುಗಂಟೆ ನಿಧಾನವೆನಿಸಿದರೂ ತಾಳ್ಮೆಯಿಂದ ಕುಳಿತಿರಿ. ಮುಗಿದ ಮೇಲೆ ಚಿತ್ರ ತೆಗೆದವರನ್ನು ಎದುರಿಗೆ ನಿಲ್ಲಿಸಿಕೊಂಡು, ಹಿಡಿಸಿದುದನ್ನೂ ಹಿಡಿಸದುದನ್ನೂ ಬಯಲಾಟದ ಮರುದಿನ ಹೇಳುವಂತೆಯೇ ಹೇಳಿರಿ. ಶಕ್ತಿಯಿದ್ದವರು ಟಿಕೆಟನ್ನು ಕೊಂಡೇ ಒಳಗೆ ಬನ್ನಿರಿ. ನೀವು ಕೊಡುವ ಆ ಹಣವೇ ಮುಂದಿನ ಚಿತ್ರದ ಬೀಜಧನವಾದೀತು. ನಿಮ್ಮ ಮಕ್ಕಳಲ್ಲಿ ಯಾರಾದರೂ ಕೈಯಲ್ಲಿರುವ ಮೊಬೈಲಿನಿಂದ ಈ ಊರಿನ ಕಥೆ ಹೇಳಹೊರಟರೆ ಅವರನ್ನು ತಡೆಯದೆ ಹರಸಿರಿ.

ಈ ಉತ್ಸವವು ಪ್ರತಿವರ್ಷವೂ ತಪ್ಪದೆ ನಡೆದುಬರಲೆಂದು ಹಾರೈಸುತ್ತಾ, ಇದನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.