ಮಾಟುಂಗಾ: ಒಂದು ಹಳ್ಳಿ ನಮ್ಮ ಊರಾದ ಬಗೆ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಹಂಪೆ, ಬಾದಾಮಿ, ಬೇಲೂರುಗಳ ವಿಚಾರವನ್ನು ನನಗಿಂತ ಸೊಗಸಾಗಿ ಹೇಳಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಆದುದರಿಂದ ನಾನು, ನಮ್ಮಲ್ಲಿ ಬಹುಮಂದಿ ಲೋಕಲ್ ಗಾಡಿಯಲ್ಲಿ ದಿನವೂ ದಾಟಿಹೋಗುವ ಒಂದು ಸಣ್ಣ ಊರಿನ ಕಥೆಯನ್ನು ಹೇಳಬೇಕೆಂದಿದ್ದೇನೆ. ಆ ಊರು ಮಾಟುಂಗಾ.

ಮಾತಂಗವೆಂದರೆ ಆನೆ. ಮಾಹಿಮದಲ್ಲಿ ಆಳಿದ ಭೀಮದೇವನ ಆನೆಗಳನ್ನು ಇಲ್ಲಿ ಕಟ್ಟುತ್ತಿದ್ದರು, ಅದರಿಂದ ಈ ಹೆಸರು ಬಂತು ಎಂಬ ಐತಿಹ್ಯವಿದೆ. ನಿಜವೋ ಸುಳ್ಳೋ, ಕೇಳಲು ಚೆನ್ನಾಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಂಪನಿ ಸರಕಾರದ ಫಿರಂಗಿ ದಳ ಇಲ್ಲಿ ಪಾಳೆಯ ಬಿಟ್ಟಿತ್ತು, ಆಮೇಲೆ ಎದ್ದುಹೋಯಿತು. 1853ರಲ್ಲಿ ದೇಶದ ಮೊದಲನೆಯ ಪ್ರಯಾಣಿಕರ ಗಾಡಿ ಬೋರಿಬಂದರದಿಂದ ಠಾಣೆಗೆ ಓಡಿದಾಗ, ಈ ಕಡೆಯಲ್ಲಿ ಇದ್ದದ್ದು ಗದ್ದೆ, ತಾಳೆಮರ; ವಡಾಲದ ಬದಿಗೆ ಉಪ್ಪಿನ ಮಡಿ.

ಈ ಹಳ್ಳಿಯ ಹಣೆಬರಹ ಬದಲಾದದ್ದು ಒಂದು ವಿಪತ್ತಿನಿಂದ. 1896ರಲ್ಲಿ ಮಾಂಡವಿಯ ಇಕ್ಕಟ್ಟಾದ ಚಾಳುಗಳಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸಹಸ್ರಾರು ಜನ ಸತ್ತರು. ಬದುಕಿದವರಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಗಾಳಿ ಬೆಳಕಿಲ್ಲದ ಮನೆಗಳೇ ರೋಗದ ತವರೆಂದು ಬಗೆದು ಸರಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಆ ಟ್ರಸ್ಟು ದಾದರ್, ಮಾಟುಂಗಾ, ವಡಾಲ, ಸಾಯನ್‌ಗಳ ಜಮೀನನ್ನು ವಶಪಡಿಸಿಕೊಂಡು ಅಗಲವಾದ ರಸ್ತೆ, ಸಾಲುಮರ, ಉದ್ಯಾನಗಳನ್ನು ಗೆರೆ ಹಾಕಿ ಗುರುತು ಮಾಡಿತು. ಇಂದು ಮಾಹೇಶ್ವರಿ ಉದ್ಯಾನವೆಂದು ಕರೆಯುವ ಕಿಂಗ್ಸ್ ಸರ್ಕಲ್, ಅದರಾಚೆಯ ಐದು ತೋಟಗಳು, ಎಲ್ಲವೂ ಆ ನಕ್ಷೆಯ ಫಲ. ಅಲ್ಲಿ ಉಳುತ್ತಿದ್ದವರು ಗದ್ದೆ ಕಳೆದುಕೊಂಡರೆಂಬುದನ್ನೂ ನಾವು ಮರೆಯಬಾರದು. ನಾವು ನೆರಳು ಕಂಡ ಬೀದಿಗಳು ಅವರ ಹೊಲದ ಮೇಲೆ ಹಾದಿವೆ.

ಆದರೆ ನಕ್ಷೆ ಬರೆದ ಮಾತ್ರಕ್ಕೆ ಜನ ಬರುವುದಿಲ್ಲ. ನಿವೇಶನಗಳು ತುಂಬಲು ಎರಡು ಮೂರು ದಶಕ ಬೇಕಾಯಿತು. 1923ರಲ್ಲಿ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯ ಬೈಕಲಾದಿಂದ ಇಲ್ಲಿಗೆ ಬಂತು. 1937ರಲ್ಲಿ ರುಯಿಯಾ ಮತ್ತು ಖಾಲ್ಸಾ ಕಾಲೇಜುಗಳು, 1941ರಲ್ಲಿ ಪೋದಾರ್ ಕಾಲೇಜು ತೆರೆದವು. ಕೋಟೆಯ ಆಫೀಸುಗಳಲ್ಲಿ ಗುಮಾಸ್ತೆ, ಟೈಪಿಸ್ಟ್, ಲೆಕ್ಕಿಗರಾಗಿದ್ದ ದಕ್ಷಿಣದವರು ಇಲ್ಲಿ ಬಿಡಾರ ಹೂಡಿದರು. ತಮಿಳರು ಹೆಚ್ಚು, ನಾವು ಕಡಿಮೆ. ಆದರೂ ಬೀದಿ ಇಬ್ಬರದೂ ಆಯಿತು. ನಲ್ಲಿ, ಬಚ್ಚಲು, ಶೌಚಗೃಹ ಎಲ್ಲವೂ ಒಂದೇ ಬಾಗಿಲ ಒಳಗಿರುವ ಮನೆ ಅಂದಿಗೆ ಹೊಸದು. ಮೂಗು ಮುರಿದ ಮಡಿವಂತರೂ ಇದ್ದರು. ಆದರೆ ಚಾಳಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತು ಬೇಸತ್ತ ಗೃಹಿಣಿಯರು ಈ ಹೊಸತನವನ್ನು ಬೇಗ ಒಪ್ಪಿರಬೇಕು. ಕೂಡಿ ಮನೆ ಕಟ್ಟುವ ದಾರಿಯನ್ನು ಅದಕ್ಕೆ ಮುಂಚೆಯೇ, 1915ರಲ್ಲಿ, ನಮ್ಮ ಕೆನರಾ ಕರಾವಳಿಯಿಂದ ಬಂದ ಸಾರಸ್ವತರು ಗಾಮದೇವಿಯಲ್ಲಿ ತೋರಿಸಿಕೊಟ್ಟಿದ್ದರು. ಶ್ರೀಪಾದ ಸುಬ್ಬರಾವ್ ತಲಮಕಿಯವರು ಆ ಸಹಕಾರಿ ಗೃಹನಿರ್ಮಾಣ ಸಂಘದ ಜೀವಾಳ.

ಮನೆಯಾಯಿತು, ಅನ್ನ ಬೇಕಲ್ಲ? ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವನಿಗೆ ತಿಳಿಸಾರು ಅನ್ನವೇ ತವರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದರು. ಬಾಳೆಲೆಯ ಆ ಊಟ ಇಂದಿಗೂ ನಡೆದಿದೆ. ಇಂಥ ಹೋಟೆಲುಗಳಿಗೆ ದಕ್ಷಿಣ ಕನ್ನಡದಿಂದ ಬಂದ ಮಾಣಿಗಳು ಹಗಲೆಲ್ಲ ತಟ್ಟೆ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮುಂದೆ ಬಂದದ್ದು ನಮ್ಮೆಲ್ಲರ ಹೆಮ್ಮೆ.

ಕೊನೆಯದಾಗಿ ಕೂಡುವ ಜಾಗ. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿ, ಭಾವುದಾಜಿ ರಸ್ತೆಯಲ್ಲಿ ನೆಲೆಯೂರಿತು. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಮಾಟುಂಗಾ ರೋಡ್ ಬದಿಯಲ್ಲಿ ಎದ್ದಿತು. ಒಂದು ಸಂಗತಿ ಗಮನಿಸಿ. ಈ ಸಂಘಗಳು ಹುಟ್ಟಿದಾಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಧಾರವಾಡದವನು ಮುಂಬಯಿ ಇಲಾಖೆಯವನು, ಮಂಗಳೂರಿನವನು ಮದರಾಸಿನವನು, ಕಲಬುರ್ಗಿಯವನು ನಿಜಾಮನ ಪ್ರಜೆ, ಮೈಸೂರಿನವನಿಗೆ ಮಹಾರಾಜರು. ಇವರು ಒಂದಾದದ್ದು 1956ರ ನವೆಂಬರ್ 1ರಂದು. ಆದರೆ ಮುಂಬಯಿಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ನಾಟಕ ನೋಡುತ್ತ, ಒಬ್ಬರ ಮಾತಿನ ಧಾಟಿಗೆ ಇನ್ನೊಬ್ಬರು ನಗುತ್ತ, ಅದಕ್ಕೂ ಮುಂಚೆಯೇ ಅವರು ಒಂದಾಗುತ್ತ ಬಂದಿದ್ದರು.

ಇನ್ನು ಇಂದಿನ ಮಾತು. ಆ ಮೂರು ಮಾಳಿಗೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಗೋಪುರಗಳು ಏಳುತ್ತಿವೆ. ಬೆಲೆ ನಮ್ಮ ಕೈಗೆ ಎಟುಕದು. ನಮ್ಮ ಎಷ್ಟೋ ಸಂಸಾರಗಳು ಮುಲುಂಡ್, ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿಗಳಿಗೆ ಹೋಗಿವೆ. ಅಲ್ಲಿ ಮನೆ ದೊಡ್ಡದು, ನಲ್ಲಿ ಒಳಗಿದೆ, ಮಸಾಲೆದೋಸೆಯಂತೂ ಎಲ್ಲೆಲ್ಲಿಯೂ ದೊರೆಯುತ್ತದೆ. ಕೊರತೆಯಿರುವುದು ಮೂರನೆಯದರಲ್ಲಿ. ಕನ್ನಡ ಶಾಲೆಗಳ ಹಾಜರಿಪಟ್ಟಿ ವರ್ಷ ವರ್ಷಕ್ಕೆ ಕುಗ್ಗುತ್ತಿದೆ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ಮಗುವನ್ನು ಬೈದು ಫಲವಿಲ್ಲ. ಅದಕ್ಕೆ ಕನ್ನಡ ಕೇಳುವ ಜಾಗವನ್ನು ನಾವು ಒದಗಿಸಿದ್ದೇವೆಯೆ?

ಟ್ರಸ್ಟು ಮಾಟುಂಗಾಕ್ಕೆ ಬೀದಿ ಕೊಟ್ಟಿತು. ಅದನ್ನು ಊರು ಮಾಡಿದವರು ಗುಮಾಸ್ತರು, ಅಡಿಗೆಯವರು, ಸಂಜೆ ಆಫೀಸು ಬಿಟ್ಟು ಬಂದು ಸಂಘದ ಚಂದಾ ಎತ್ತಿದವರು. ಅವರೇನೂ ಶ್ರೀಮಂತರಾಗಿರಲಿಲ್ಲ. ನೀವಿರುವ ಉಪನಗರದಲ್ಲಿ ಹತ್ತು ಮನೆ ಸೇರಿ ಒಂದು ಕೋಣೆ ಗೊತ್ತುಮಾಡಿ. ಒಂದು ಕಪಾಟು ಪುಸ್ತಕ ಇಡಿ. ಭಾನುವಾರ ಒಂದು ಗಂಟೆ ಮಕ್ಕಳಿಗೆ ಅಕ್ಷರ ತಿದ್ದಿಸಿ. ಈಗಾಗಲೇ ಸಂಘವಿದ್ದರೆ ಮುಂದಿನ ಸಭೆಗೆ ಮಕ್ಕಳನ್ನು ಕೈಹಿಡಿದು ಕರೆತನ್ನಿ. ಇಷ್ಟನ್ನು ಈ ರಾಜ್ಯೋತ್ಸವದಿಂದ ಮುಂದಿನ ರಾಜ್ಯೋತ್ಸವದೊಳಗೆ ಮಾಡಲು ಸಾಧ್ಯ.