ರಾತ್ರಿ ಹನ್ನೊಂದೂವರೆಗೆ ಕುಟ್ಟಿದ್ದು ಯಾರು?

ಇವತ್ತು ರಾಜಕೀಯ ಇಲ್ಲ, ಬ್ರೇಕಿಂಗ್ ಕೂಡ ಇಲ್ಲ. ಇವತ್ತಿನ ವಿಷಯ ಸದ್ದು. ದಿನಾ ರಾತ್ರಿ ಒಂಬತ್ತು ಗಂಟೆಗೆ ಆರು ಜನರನ್ನ ಕೂರಿಸಿಕೊಂಡು ಕಿರುಚಾಡಿಸೋ ಮನುಷ್ಯ ಸದ್ದಿನ ಬಗ್ಗೆ ಮಾತಾಡೋದಾ ಅಂತ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಆದರೆ ಪೂರ್ತಿ ಕೇಳಿ.

ಕೆಲವು ವರ್ಷದ ಹಿಂದೆ ನಾನು ದೀಪಾಂಜಲಿ ನಗರದಲ್ಲಿ ಬಾಡಿಗೆಗೆ ಇದ್ದೆ. ಮೈಸೂರು ರಸ್ತೆ, ಮೇಲೆ ಮೆಟ್ರೋ, ಕೆಳಗೆ ಬಸ್ಸು, ಲಾರಿ. ಅಲ್ಲಿಂದ ಎರಡು ಅಡ್ಡರಸ್ತೆ ಒಳಗೆ ಮನೆ. ಇಪ್ಪತ್ತು ಮೂವತ್ತರ ಸೈಟು, ಮೂರು ಅಂತಸ್ತು. ಕೆಳಗೆ ಓನರ್ ಆಂಟಿ, ಮಧ್ಯದಲ್ಲಿ ನಾನು, ಮೇಲೆ ಒಂದು ಸಂಸಾರ. ಅಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಿದ್ದರು, ಅಣ್ಣ ಆಟೋ ಓಡಿಸ್ತಿದ್ದರು, ಎರಡು ಮಕ್ಕಳು. ಅದರ ಮೇಲೆ ಟೆರೇಸು, ಟೆರೇಸಿನ ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕು. ಬೆಂಗಳೂರಿನಲ್ಲಿ ಇಂಥ ಮನೆ ಎಷ್ಟಿದೆಯೋ ಲೆಕ್ಕ ಇಟ್ಟವರಿಲ್ಲ.

ಆ ಸಂಸಾರ ಬಂದು ಒಂದು ತಿಂಗಳಾಗಿರಬೇಕು, ರಾತ್ರಿ ಸದ್ದು ಶುರುವಾಯಿತು. ಹನ್ನೊಂದೂವರೆ, ಹನ್ನೆರಡು ಗಂಟೆಗೆ ಧಡ್ ಅಂತ ಒಂದು ದೊಡ್ಡ ಹೊಡೆತ, ಹಿಂದೆಯೇ ಎರಡು ಚಿಕ್ಕದು. ಆಮೇಲೆ ಮೌನ. ಒರಳಿನಲ್ಲಿ ಏನೋ ಕುಟ್ಟಿದ ಹಾಗೆ. ಆಂಟಿಗೆ ಬಿಪಿ, ನಿದ್ದೆ ಕಮ್ಮಿ. ಒಂದು ಸಲ ಎಚ್ಚರ ಆದರೆ ಬೆಳಿಗ್ಗೆ ಹಾಲಿನವನು ಬರೋವರೆಗೂ ಎಚ್ಚರವೇ. ಅವರು ನನ್ನನ್ನ ಕೇಳಿದರು: "ಏನಪ್ಪಾ, ನಿಂಗೂ ಕೇಳಿಸುತ್ತಾ? ಮೇಲಿಂದನೇ ತಾನೇ?"

ಹೌದು ಆಂಟಿ, ಮೇಲಿಂದನೇ, ಅಂದೆ. ನನಗೂ ಸದ್ದು ತಲೆಯ ಮೇಲಿಂದಲೇ ಕೇಳಿಸ್ತಿತ್ತು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ಒಂದು ಮಾತು ಸಾಕಾಯಿತು.

ಆಂಟಿ ಮೇಲೆ ಹೋಗಿ ಕೇಳಿದರು. ಅಕ್ಕ, "ನಾವೇನೂ ಕುಟ್ಟಲ್ಲಮ್ಮ, ಯಜಮಾನ್ರು ಬಂದು ಸ್ನಾನ ಮಾಡಿ ಊಟ ಮಾಡಿ ಮಲಗ್ತಾರೆ ಅಷ್ಟೇ" ಅಂದರು. ಆಂಟಿ ನಂಬಲಿಲ್ಲ. ಹೇಗೆ ನಂಬ್ತಾರೆ? ಅಣ್ಣ ಬಂದ ದಿನ ಸದ್ದು ಇರ್ತಿತ್ತು. ಅವರು ಊರಿಗೆ ಹೋದ ಒಂದೆರಡು ದಿನ ಇರಲಿಲ್ಲ. ಸಾಕ್ಷಿ ಪಕ್ಕಾ! ನಾಲ್ಕನೇ ತಿಂಗಳು ಮನೆ ಖಾಲಿ ಮಾಡಿ ಅಂತ ಹೇಳಿಬಿಟ್ಟರು. ಬೆಂಗಳೂರಿನ ಪದ್ಧತಿಯ ಪ್ರಕಾರ ಪೇಂಟಿಂಗ್‌ಗೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನೂ ಹಿಡಿದುಕೊಂಡರು. ಒಂದು ಭಾನುವಾರ ಟೆಂಪೋ ಬಂತು, ಮಂಚ, ಬೀರು, ಗ್ಯಾಸ್ ಸಿಲಿಂಡರ್ ಹೇರಿಕೊಂಡು ಹೋದರು. ನಾನು ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿದೆ.

ಮಾರನೇ ದಿನ ಸೋಮವಾರ. ಬುಲೆಟಿನ್ ಮುಗಿಸಿ ಹನ್ನೊಂದು ಗಂಟೆಗೆ ಮನೆಗೆ ಬಂದೆ. ಸ್ನಾನ ಮಾಡಿ ಮಲಗಿದೆ. ಧಡ್! ಹಿಂದೆಯೇ ಎರಡು ಚಿಕ್ಕದು. ಮೇಲೆ ಖಾಲಿ ಮನೆ, ಬೀಗ ಹಾಕಿದೆ.

ಆ ರಾತ್ರಿ ನಾನು ಎದ್ದು ಕೂತೆ. ಯಾಕಂದ್ರೆ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ನಾಲ್ಕನೇ ಸೆಮಿಸ್ಟರ್‌ನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಅಂತ ಪೇಪರು, ಅದರಲ್ಲಿ 'ವಾಟರ್ ಹ್ಯಾಮರ್' ಅಂತ ಒಂದು ಪ್ರಶ್ನೆ. ಸೂತ್ರ ಉರು ಹೊಡೆದು ಬರೆದು ಮಾರ್ಕ್ಸ್ ತಗೊಂಡಿದ್ದೆ. ನಮ್ಮದೇ ಮನೆಯಲ್ಲಿ ಅದೇ ಸುತ್ತಿಗೆ ನಾಲ್ಕು ತಿಂಗಳು ಹೊಡೆದರೂ ನನಗೆ ಗುರುತು ಸಿಗಲಿಲ್ಲ.

ಏನದು ಅಂತ ಸರಳವಾಗಿ ಹೇಳ್ತೀನಿ. ಪೈಪಿನಲ್ಲಿ ಹರಿಯೋ ನೀರಿಗೆ ತೂಕ ಇದೆ, ವೇಗ ಇದೆ. ಒಂದು ರೈಲಿನ ಹಾಗೆ ಅಂದುಕೊಳ್ಳಿ. ನಲ್ಲಿಯನ್ನೋ ವಾಲ್ವನ್ನೋ ಫಟ್ ಅಂತ ಮುಚ್ಚಿದರೆ ಮುಂದಿನ ಬೋಗಿ ನಿಲ್ಲುತ್ತೆ, ಹಿಂದಿನದು ಬಂದು ಗುದ್ದುತ್ತೆ, ಅದರ ಹಿಂದಿನದೂ ಗುದ್ದುತ್ತೆ. ಆ ಗುದ್ದು ಒಂದು ಅಲೆಯಾಗಿ ಪೈಪಿನುದ್ದಕ್ಕೂ ಹಿಂದಕ್ಕೆ ಓಡುತ್ತೆ. ಎಷ್ಟು ವೇಗ ಗೊತ್ತಾ? ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ ಒಂದು ಸಾವಿರ ಮೀಟರಿಗಿಂತ ಜಾಸ್ತಿ. ರಷ್ಯಾದ ಝುಕೋವ್‌ಸ್ಕಿ ಅನ್ನೋ ವಿಜ್ಞಾನಿ 1897-98ರ ಸುಮಾರಿಗೆ ಮಾಸ್ಕೋದ ನೀರು ಸರಬರಾಜು ಪೈಪುಗಳಲ್ಲಿ ಇದನ್ನ ಅಳೆದು ಲೆಕ್ಕ ಕಟ್ಟಿದರು. ಅಲ್ಲಿ ಒಡೀತಿದ್ದಿದ್ದು ಊರಿನ ದೊಡ್ಡ ಪೈಪುಗಳೇ. ಅವರ ಲೆಕ್ಕದ ಪ್ರಕಾರ ಸೆಕೆಂಡಿಗೆ ಒಂದೇ ಒಂದು ಮೀಟರ್ ವೇಗದಲ್ಲಿ, ಅಂದ್ರೆ ನಾವು ನಿಧಾನಕ್ಕೆ ನಡೆಯೋ ವೇಗದಲ್ಲಿ ಹೋಗ್ತಿರೋ ನೀರನ್ನ ಕಬ್ಬಿಣದ ಪೈಪಿನಲ್ಲಿ ತಟ್ಟನೆ ನಿಲ್ಲಿಸಿದರೆ, ಒತ್ತಡ ಸುಮಾರು 12 ಬಾರ್ ಏರುತ್ತೆ. ನಿಮ್ಮ ಮೂರು ಅಂತಸ್ತಿನ ಮನೆ ಟ್ಯಾಂಕು ಕೆಳಗಿನ ನಲ್ಲಿಗೆ ಕೊಡೋ ಒತ್ತಡ ಹೆಚ್ಚೂ ಕಮ್ಮಿ ಒಂದು ಬಾರ್. 12 ಬಾರ್ ಅಂದ್ರೆ ಟ್ಯಾಂಕನ್ನ 120 ಮೀಟರ್ ಎತ್ತರದಲ್ಲಿ ಇಟ್ಟ ಹಾಗೆ! ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗುತ್ತೆ, ಅದಕ್ಕೆ ಅದರಲ್ಲಿ ಹೊಡೆತ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಇಳಿದರೂ ಹೊಡೆತ ಹೊಡೆತವೇ.

ನಮ್ಮನೆಯಲ್ಲಿ ಆಗಿದ್ದು ಏನು? ಮಂಗಳವಾರ ಪ್ಲಂಬರ್ ಬಂದ. ಮೋಟಾರ್ ಹಾಕಿಸಿದ, ಪೈಪ್ ಮೇಲೆ ಕೈ ಇಟ್ಟುಕೊಂಡು ನಿಂತ, ಆಫ್ ಮಾಡಿಸಿದ. ಧಡ್. "ಸಾರ್, ಎನ್‌ಆರ್‌ವಿ ಹೋಗಿದೆ ಸಾರ್. ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂದ. ನನ್ನ ಡಿಗ್ರಿ ಅವನಿಗೆ ಗೊತ್ತಿರಲಿಲ್ಲ, ಪುಣ್ಯ.

ಎನ್‌ಆರ್‌ವಿ ಅಂದ್ರೆ ನಾನ್ ರಿಟರ್ನ್ ವಾಲ್ವು. ಸಂಪಿನಿಂದ ಮೋಟಾರು ನೀರನ್ನ ಮೇಲಿನ ಟ್ಯಾಂಕಿಗೆ ಒತ್ತುತ್ತೆ. ಮೋಟಾರ್ ನಿಂತ ತಕ್ಷಣ ಪೈಪಿನಲ್ಲಿರೋ ನೀರಿನ ಕಂಬ ಒಂದು ಕ್ಷಣ ನಿಂತು, ವಾಪಸ್ ಕೆಳಗೆ ಬೀಳೋಕೆ ಶುರು ಮಾಡುತ್ತೆ. ಅದು ವಾಪಸ್ ಬರದ ಹಾಗೆ ತಡೆಯೋ ಬಾಗಿಲೇ ಈ ವಾಲ್ವು. ನೀರು ನಿಂತ ಗಳಿಗೆಯಲ್ಲೇ ಬಾಗಿಲು ಮುಚ್ಚಿದರೆ ಸದ್ದಿಲ್ಲ. ಸ್ಪ್ರಿಂಗ್ ಸೋತಿದ್ದರೆ, ಅಥವಾ ಮರಳೋ ತುಕ್ಕೋ ಸಿಕ್ಕಿಕೊಂಡಿದ್ದರೆ ಬಾಗಿಲು ತಡವಾಗಿ ಮುಚ್ಚುತ್ತೆ. ಅಷ್ಟರಲ್ಲಿ ನೀರು ಕೆಳಮುಖವಾಗಿ ವೇಗ ಹಿಡಿದಿರುತ್ತೆ. ಆಗ ಬಡಿಯೋದೇ ಆ ಧಡ್.

ಸರಿ, ವಾಲ್ವು ಇರೋದು ಕೆಳಗೆ, ಸಂಪಿನ ಪಕ್ಕ. ಸದ್ದು ಮೇಲಿಂದ ಯಾಕೆ? ಪೈಪು ಹೊರಗೋಡೆ ಹಿಡಿದುಕೊಂಡು ಮೇಲೆ ಹೋಗುತ್ತೆ. ಎರಡನೇ ಮಹಡಿಯ ಬಚ್ಚಲುಮನೆ ಹತ್ತಿರ ಅದನ್ನ ಹಿಡಿದಿದ್ದ ಕ್ಲಾಂಪು ಸಡಿಲ ಆಗಿತ್ತು. ಹೊಡೆತ ಬಿದ್ದಾಗ ಪೈಪು ಅಲ್ಲಿ ಗೋಡೆಗೆ ಬಡೀತಿತ್ತು. ಹಿಂದೆ ಕೇಳಿಸ್ತಿದ್ದ ಎರಡು ಚಿಕ್ಕ ಸದ್ದು ಅದೇ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಕಾಂಕ್ರೀಟಿನಲ್ಲಿ 3,000 ಮೀಟರಿಗಿಂತ ಹೆಚ್ಚು. ಕಂಬ, ಸ್ಲ್ಯಾಬು ಎಲ್ಲಾ ಸೇರಿ ಸದ್ದನ್ನ ಮನೆ ತುಂಬಾ ಹಂಚಿಬಿಡುತ್ತೆ. ಮಲಗಿದವನ ಕಿವಿಗೆ ಎಲ್ಲವೂ ಮೇಲಿಂದಲೇ.

ಇನ್ನೊಂದು ಪ್ರಶ್ನೆ ಉಳೀತು. ಅವರು ಬಂದ ಮೇಲೇ ಯಾಕೆ ಶುರುವಾಯಿತು? ಆಂಟಿ ಮೊದಲು ಬೆಳಿಗ್ಗೆ ಏಳಕ್ಕೆ ಕೈಯಿಂದ ಮೋಟಾರ್ ಹಾಕಿ ತಾವೇ ಆರಿಸ್ತಿದ್ದರು. ಆಗಲೂ ಧಡ್ ಅಂತಿತ್ತೇನೋ, ಕುಕ್ಕರ್ ವಿಸಿಲ್ ಮಧ್ಯೆ ಯಾರು ಕೇಳ್ತಾರೆ? ಮೇಲಿನ ಮನೆಗೆ ಬಾಡಿಗೆಯವರು ಬರ್ತಾರೆ ಅಂತ ಆಟೋಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿದ್ದರು. ರಾತ್ರಿ ಅಣ್ಣ ಆಟೋ ನಿಲ್ಲಿಸಿ ಬಂದು ಸ್ನಾನ ಮಾಡಿದರೆ ಟ್ಯಾಂಕು ಇಳೀತಿತ್ತು, ಮೋಟಾರ್ ತಾನೇ ಆನ್, ತುಂಬಿದ ಮೇಲೆ ತಾನೇ ಆಫ್, ಧಡ್. ಹಾಗಾಗಿ ಆಂಟಿ ಲೆಕ್ಕ ಪೂರ್ತಿ ತಪ್ಪಲ್ಲ. ಅಣ್ಣ ಬಂದಾಗಲೇ ಸದ್ದು ಬರ್ತಿತ್ತು. ಅದೇ ಹೊತ್ತಿಗೆ ಕೆಳಗಿನ ಮನೆಯಲ್ಲಿ ನಾನೂ ಎರಡು ಬಕೆಟ್ ನೀರು ಸುರಿದುಕೊಳ್ತಿದ್ದೆ. ಆ ಲೆಕ್ಕ ಯಾರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಟಿವಿಯಲ್ಲಿ ಬರೋ ಹುಡುಗ ಅಲ್ವಾ.

ಹೊಸ ವಾಲ್ವು, ಎರಡು ಕ್ಲಾಂಪು, ಮಧ್ಯೆ ರಬ್ಬರ್. ಒಂದು ಗಂಟೆ ಕೆಲಸ.

ಮನೆಯ ಬೇರೆ ಸದ್ದುಗಳೂ ಇವೆ, ಬೇಗ ಹೇಳಿಬಿಡ್ತೀನಿ. ನಲ್ಲಿ ಅರ್ಧ ತಿರುಗಿಸಿದಾಗ ಗುಂಯ್ ಅಂದ್ರೆ ವಾಷರ್ ಸವೆದಿದೆ. ಬಿಸಿನೀರು ಬಿಟ್ಟಾಗ ಟಿಕ್ ಟಿಕ್ ಅಂದ್ರೆ ಪೈಪು ಹಿಗ್ಗಿ ಕ್ಲಾಂಪಿಗೆ ಉಜ್ಜುತ್ತಿದೆ, ಭಯ ಬೇಡ. ಕಾವೇರಿ ನೀರು ಬಿಟ್ಟಾಗ ಮೊದಲು ಬುಸ್ ಅಂತ ಗಾಳಿ ಬರೋದು, ಎರಡು ದಿನಕ್ಕೊಮ್ಮೆ ನೀರು ಬಿಡೋದರಿಂದ ಲೈನು ಖಾಲಿಯಾಗಿ ಗಾಳಿ ತುಂಬಿಕೊಂಡಿರುತ್ತೆ, ಅದಕ್ಕೆ. ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಹಾರೋಹಳ್ಳಿ, ತಾತಗುಣಿ ದಾಟಿ ಹಂತ ಹಂತವಾಗಿ ಪಂಪ್ ಆಗಿ ಬರುತ್ತೆ. ಇಂಥ ದೊಡ್ಡ ಲೈನಿನಲ್ಲಿ ಕರೆಂಟು ಹೋಗಿ ಪಂಪು ತಟ್ಟನೆ ನಿಂತರೆ ನಮ್ಮನೆ ಧಡ್ ಅಲ್ಲಿ ಪೈಪನ್ನೇ ಸೀಳಬಹುದು. ಅದಕ್ಕೇ ದೊಡ್ಡ ಪಂಪಿಂಗ್ ಲೈನುಗಳಲ್ಲಿ, ಜಲವಿದ್ಯುತ್ ಕೇಂದ್ರಗಳಲ್ಲಿ ಹೊಡೆತ ತಿನ್ನೋಕೆ ಅಂತಲೇ ಸರ್ಜ್ ಟ್ಯಾಂಕ್ ಕಟ್ಟೋದು.

ಈಗ ಬೀದಿಗೆ ಬನ್ನಿ. ಅದೇ ಮನೆ, ಶನಿವಾರ ರಾತ್ರಿ ಒಂದು ಗಂಟೆ. ನಾಯಂಡಹಳ್ಳಿ ಕಡೆಗೆ ಐದಾರು ಬೈಕು, ಫಟ್ ಫಟ್ ಫಟಾರ್. ನಾಯಿಗಳೆಲ್ಲ ಬೊಗಳಿದವು. ಆಂಟಿ ಎದ್ದಿರ್ತಾರೆ ಅಂತ ನನಗೆ ಗೊತ್ತು. ಬೆಳಿಗ್ಗೆ ಅವರು ಅದರ ಬಗ್ಗೆ ಏನೂ ಅನ್ನಲಿಲ್ಲ. ಆ ಬೈಕುಗಳಲ್ಲಿ ಒಂದು ನಮ್ಮ ಬೀದಿಯ ಕೊನೆ ಮನೆಯದು, ಇಡೀ ಬೀದಿಗೆ ಗೊತ್ತು. ಸ್ವಂತ ಮನೆ, ಅಪ್ಪನಿಗೆ ಏರಿಯಾದಲ್ಲಿ ಹೆಸರಿದೆ. ಯಾರು ಕೇಳ್ತಾರೆ?

ವಿಜ್ಞಾನ ಎರಡೂ ಕಡೆ ಒಂದೇ. ಪೈಪಿನಲ್ಲಿ ಓಡೋ ಒತ್ತಡದ ಅಲೆ. ಬೈಕಿನ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿದ ಮೇಲೆ ಎಕ್ಸಾಸ್ಟ್ ವಾಲ್ವು ತೆರೆಯುತ್ತೆ. ಆಗಲೂ ಒಳಗಿನ ಬಿಸಿ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹಲವು ಪಟ್ಟು. ಅದು ಒಮ್ಮೆಗೇ ನುಗ್ಗೋದೇ ಒಂದು ಸ್ಫೋಟ. ಸಿಂಗಲ್ ಸಿಲಿಂಡರ್ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸ್ಫೋಟ. ಕಂಪನಿ ಸೈಲೆನ್ಸರಿನ ಒಳಗೆ ಕೋಣೆಗಳು, ತೂತಿನ ಕೊಳವೆಗಳು ಇರ್ತವೆ. ಅಲೆ ಗೋಡೆಗೆ ಬಡಿದು ವಾಪಸ್ ಬಂದು ಹಿಂದಿನ ಅಲೆಯನ್ನ ಕೊಲ್ಲುತ್ತೆ, ಉಳಿದದ್ದು ಬಿಡಿಬಿಡಿಯಾಗಿ ಹೊರಗೆ ಹೋಗುತ್ತೆ. ಅದನ್ನ ಬಿಚ್ಚಿ ಒಂದು ಖಾಲಿ ಕೊಳವೆ ಹಾಕಿದರೆ 25 ಸ್ಫೋಟವೂ ಹಸಿಹಸಿಯಾಗಿ ನಮ್ಮ ಕಿವಿಗೆ. ಇನ್ನು ಆ ಫಟಾರ್? ಓಡ್ತಿರೋವಾಗಲೇ ಕಿಲ್ ಸ್ವಿಚ್ ಒತ್ತಿ ಬಿಡ್ತಾರೆ. ಕಿಡಿ ಇಲ್ಲದೆ ಉರಿಯದ ಪೆಟ್ರೋಲು ಬಿಸಿ ಪೈಪಿಗೆ ಹೋಗುತ್ತೆ, ಸ್ವಿಚ್ ಬಿಟ್ಟ ತಕ್ಷಣ ಅಲ್ಲೇ ಹತ್ತಿಕೊಳ್ಳುತ್ತೆ.

ಪವರ್ ಜಾಸ್ತಿ ಆಗುತ್ತೆ ಅಂತ ಹುಡುಗರು ನಂಬ್ತಾರೆ. ತಮ್ಮಾ, ನಾನೂ ನಂಬಿದ್ದೆ. ಕಾಲೇಜಿನಲ್ಲಿ ಗೆಳೆಯನ ಹಳೇ ಆರ್‌ಎಕ್ಸ್ 100 ಸೈಲೆನ್ಸರ್ ಒಳಗಿನದನ್ನ ಕಿತ್ತು ಓಡಿಸಿದ್ದೇವೆ. ಟೂ ಸ್ಟ್ರೋಕ್ ಬೈಕಿನಲ್ಲಿ ವಾಪಸ್ ಬರೋ ಅಲೆಯೇ ಹೊರಗೆ ಸೋರ್ತಿರೋ ಹೊಸ ಪೆಟ್ರೋಲ್ ಮಿಶ್ರಣವನ್ನ ಒಳಗೆ ತಳ್ಳುತ್ತೆ. ಪೈಪಿನ ಆಕಾರ ಉದ್ದ ಎಲ್ಲಾ ಆ ಲೆಕ್ಕದ್ದು. ಮೈಸೂರಿನಲ್ಲೇ ತಯಾರಾಗ್ತಿದ್ದ ಜಾವಾ, ಯೆಜ್ಡಿಗಳ ಆ ಉದ್ದನೆಯ ಜೋಡಿ ಸೈಲೆನ್ಸರ್ ಬರೀ ಶೋಕಿಗಲ್ಲ. ನಾವು ಕಿತ್ತ ಮೇಲೆ ಸದ್ದು ಹೆಚ್ಚಾಯಿತು, ಮೈಲೇಜು ಬಿತ್ತು, ಏರಿನಲ್ಲಿ ಎಳೀಲಿಲ್ಲ. 2020ರ ಏಪ್ರಿಲ್‌ನಿಂದ ಬರ್ತಿರೋ ಬಿಎಸ್ 6 ಬೈಕುಗಳಲ್ಲಂತೂ ಹೊಗೆ ಶುದ್ಧ ಮಾಡೋ ಕನ್ವರ್ಟರ್ ಕೂಡ ಅದೇ ಪೈಪಿನಲ್ಲಿದೆ. ಪೂರ್ತಿ ಕಿತ್ತರೆ ಅದೂ ಹೋಯಿತು.

ಒಂದು ಲೆಕ್ಕ ಕೇಳಿ. ದೊಡ್ಡ ಬೈಕಿಗೆ ಕಂಪನಿ ಪಾಲಿಸಬೇಕಾದ ಮಿತಿ 80 ಡೆಸಿಬೆಲ್. ನಿಮ್ಮ ಬೈಕು ಅಷ್ಟೇ ದೂರದಲ್ಲಿ 100 ಡೆಸಿಬೆಲ್ ಕೊಟ್ಟರೆ ಅದು ಕಾಲು ಪಾಲು ಹೆಚ್ಚಲ್ಲ, 80 ಡೆಸಿಬೆಲ್ಲಿನ ನೂರು ಬೈಕು ಒಟ್ಟಿಗೆ ಹೋದ ಸದ್ದು ಅದು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 2000ದ ಶಬ್ದಮಾಲಿನ್ಯ ನಿಯಮ ಇಟ್ಟಿರೋ ಮಿತಿ 45. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ದಂಡ 10,000 ರೂಪಾಯಿವರೆಗೂ ಹೋಗಬಹುದು, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಕಾನೂನಿಗೆ ಬರ ಇಲ್ಲ. ಪೊಲೀಸರು ಆಗಾಗ ಸೈಲೆನ್ಸರ್ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸ್ತಾರೆ, ನಾವೂ ಲೈವ್ ತೋರಿಸ್ತೀವಿ. ಮಾರನೇ ದಿನ ಅಂಗಡಿಯಲ್ಲಿ ಅದೇ ಪೈಪು ತೂಗು ಹಾಕಿರುತ್ತೆ.

ಪೈಪಿನ ಸದ್ದು ಯಾರದ್ದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಒಂದು ಸಂಸಾರ ಟೆಂಪೋ ಹತ್ತಿತು. ಬೈಕಿನ ಸದ್ದು ಯಾರದ್ದು ಅಂತ ಇಡೀ ಬೀದಿಗೆ ಗೊತ್ತಿತ್ತು. 112ಕ್ಕೆ ಒಂದು ಫೋನ್ ಹೋಗಲಿಲ್ಲ. ನನ್ನದೂ ಹೋಗಲಿಲ್ಲ.

ವಾಲ್ವು ಬದಲಾಯಿಸಿದ ರಾತ್ರಿ ಆಂಟಿ ಬಾಗಿಲು ತಟ್ಟಿದರು. "ಸದ್ದೇ ಇಲ್ಲ ಕಣಪ್ಪಾ" ಅಂದರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ, "ಅವಳ ನಂಬರ್ ಇದೆಯಾ ನಿನ್ನ ಹತ್ರ?" ಅಂದರು.

ಇತ್ತು. ನಾನೇ ಫೋನ್ ಮಾಡಿದೆ. ವಿಷಯ ಹೇಳಿದೆ, ಕ್ಷಮಿಸಿ ಅಂದೆ, ಆಂಟಿ ವಾಪಸ್ ಬನ್ನಿ ಅಂತಿದ್ದಾರೆ, ಪೇಂಟಿಂಗ್ ದುಡ್ಡೂ ಕೊಡ್ತಾರಂತೆ ಅಂದೆ. ಅಕ್ಕ ಕೆಂಗೇರಿ ಆಚೆ ಎಲ್ಲೋ ಮನೆ ಹಿಡಿದಿದ್ದರು. ಮಕ್ಕಳಿಗೆ ಹೊಸ ಸ್ಕೂಲು, ಫೀಸು ಕಟ್ಟಿಯಾಗಿತ್ತು. "ಬೇಡ ಬಿಡಿ ಸಾರ್" ಅಂದರು. "ಇಲ್ಲಿ ಆ ತೊಂದರೆ ಇಲ್ಲ. ಮೇಲಕ್ಕೆ ಪೈಪೇ ಬಂದಿಲ್ಲ, ಕೆಳಗಿಂದ ಹೊತ್ಕೊಂಡು ಬರ್ತೀವಿ."

ಇವತ್ತು ರಾತ್ರಿ ನಿಮ್ಮನೆ ಮೋಟಾರ್ ಆಫ್ ಆಗೋ ಹೊತ್ತಿಗೆ ಪೈಪ್ ಮೇಲೆ ಒಂದು ಕೈ ಇಟ್ಟು ನೋಡಿ. ಶುಭರಾತ್ರಿ.